ಸುಮ್ನ ಅಡ್ಡಾಡಾಕ

ಕಾಲಿನ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿದಾವೆ ಅಂತ ಬರೆಯೋಕೆ ಕೂತ್ರೆ ಒಂದು ಹಾಳೆ ಸಾಲಲ್ಲ. ನಡಿ, ಓಡು, ಕುಂಟು, ತೆವಳು, ಎಡವು, ಕುಪ್ಪಳಿಸು, ದಾಪುಗಾಲು ಹಾಕು, ಅಂಬೆಗಾಲಿಡು, ಸುತ್ತು, ತಿರುಗು, ಅಲಿ, ತೂರಾಡು, ಇನ್ನೂ ಇದಾವೆ. ಇದರಲ್ಲಿ ನನಗೆ ತೀರಾ ಹತ್ತಿರದ್ದು ಅಂದ್ರೆ ಹುಬ್ಬಳ್ಳಿ ಧಾರವಾಡದ ಕಡೆ ದಿನಾ ಸಂಜೆ ಕಿವಿಗೆ ಬೀಳೋ ಒಂದು ಮಾತು, ಅಡ್ಡಾಡು. ಬರೆದ್ರೆ ಅಡ್ಡಾಡು, ಬಾಯಲ್ಲಿ ಅಡ್ಡ್ಯಾಡು ಅನ್ನೋರೂ ಇದಾರೆ, ನಾಮಪದ ಬೇಕಾದ್ರೆ ಅಡ್ಡಾಟ.

"ಎಲ್ಲಿಗ್ ಹೊಂಟ್ರಿ?"

"ಎಲ್ಲಿಗಿಲ್ರಿ, ಸುಮ್ನ ಹಿಂಗ ಅಡ್ಡಾಡಾಕ."

ಈ ಉತ್ತರದ ಸೊಗಸು ನೋಡಿ. ಮನೆಯಿಂದ ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಆಗಲ್ಲ, ಕೇಳಲೇಬೇಕು ಅಂದ್ರೆ "ದೂರ ಹೊರಟ್ರಾ" ಅಂತ ಕೇಳಬೇಕು ಅನ್ನೋ ಶಾಸ್ತ್ರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಡ್ಡಾಡೋಕೆ ಹೊರಟವನಿಗೆ ಮಾತ್ರ ಈ ಭಯ ಇಲ್ಲ. ಅವನಿಗೆ ಕೆಲಸನೇ ಇಲ್ಲ, ಕೆಡೋದು ಯಾವುದು. ಎಲ್ಲಿಗೆ ಅಂತ ಹತ್ತು ಮಂದಿ ಕೇಳಿದ್ರೂ ಅವನ ಗಂಟು ಏನೂ ಹೋಗಲ್ಲ.

ಶಬ್ದವನ್ನ ಬಿಡಿಸಿ ನೋಡೋದು ಕಷ್ಟ ಇಲ್ಲ, ಅಡ್ಡ ಮತ್ತು ಆಡು, ಎರಡೂ ಅಚ್ಚ ದ್ರಾವಿಡ ಸರಕು. ಅಡ್ಡ ಅಂದ್ರೆ ಉದ್ದಕ್ಕೆ ಎದುರಾದದ್ದು, ದಾರಿಯನ್ನ ಕತ್ತರಿಸೋ ಹಾಗೆ ಬರೋದು, ತೆಲುಗಿನವರೂ ಅಡ್ಡಂ ಅಂತಾರೆ. ಈ ಅಡ್ಡ ಅನ್ನೋದಕ್ಕೆ ನಮ್ಮಲ್ಲಿ ಒಳ್ಳೇ ಹೆಸರಿಲ್ಲ ಪಾಪ. ಅಡ್ಡದಾರಿ ಹಿಡಿದ ಅಂದ್ರೆ ಕೆಟ್ಟ ಅಂತಲೇ ಅರ್ಥ, ಕಲಿಯದೇ ಇರೋ ಕಸುಬಿಗೆ ಕೈ ಹಾಕಿದವನು ಅಡ್ಡಕಸಬಿ, ಹೌದು ಅನ್ನದೆ ಅಲ್ಲ ಅನ್ನದೆ ಜಾರಿಕೊಳ್ಳೋನು ಅಡ್ಡಗೋಡೆ ಮೇಲೆ ದೀಪ ಇಡೋನು, ಗಾಡಿ ಓಡಿಸುವಾಗ ಬೈಗುಳ ಶುರುವಾಗೋದೇ ಅಡ್ಡ ಬಂದವನಿಂದ. ಅಡ್ಡಾದಿಡ್ಡಿ ಅನ್ನೋದರ ಬಗ್ಗೆ ಹೇಳೋದೇ ಬೇಡ. ಆದ್ರೂ ಗೌರವದ ಅಡ್ಡನೂ ಒಂದೆರಡಿದಾವೆ. ಶೃಂಗೇರಿ, ರಂಭಾಪುರಿ ಥರದ ಪೀಠಗಳ ಗುರುಗಳನ್ನ ಅಡ್ಡಪಲ್ಲಕ್ಕಿಯಲ್ಲಿ ಕೂರಿಸಿ ಮೆರೆಸ್ತಾರೆ, ಪಲ್ಲಕ್ಕಿ ಬೀದಿ ಉದ್ದಕ್ಕೆ ಹೋಗದೆ ಬೀದಿಗೆ ಅಡ್ಡವಾಗಿ ಹೋಗುತ್ತೆ, ಎದುರಿಗೆ ಯಾರೂ ಬರೋ ಹಾಗಿಲ್ಲ, ಇಡೀ ರಸ್ತೆ ಅವರದೇ. ದೊಡ್ಡವರಿಗೆ ಅಡ್ಡ ಬೀಳ್ತೀವಿ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರಿಗೆ ಅಡ್ಡಹೆಸರು ಅಂತಾರೆ, ಅದು ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತಿದ್ರೂ ನಾಚಿಕೆ ಇಲ್ಲದೆ ಹೆಮ್ಮೆಯಿಂದ ಹೇಳ್ಕೋತಾರೆ. ಇನ್ನು ಅಡ್ಡಿ ಅಂದ್ರೆ ತೊಂದರೆ ಅಲ್ವಾ, ಅದಕ್ಕೆ ಇಲ್ಲ ಸೇರಿಸಿ "ಅಡ್ಡಿಯಿಲ್ಲ" ಅಂತ ಮಾಡ್ಕೊಂಡು ಧಾರವಾಡದವರು ಓಕೆ, ಪರವಾಗಿಲ್ಲ, ಚೆನ್ನಾಗಿದೆ, ಆಗಲಿ, ಇವೆಲ್ಲಕ್ಕೂ ಒಂದೇ ಮಾತಲ್ಲಿ ಕೆಲಸ ಮುಗಿಸ್ತಾರೆ. ಹೊಸ ಸೊಸೆ ಹೆಂಗಿದಾಳೆ ಅಂತ ಕೇಳಿದ್ರೆ "ಅಡ್ಡಿಯಿಲ್ಲ" ಅಂದ್ರು ಅಂದ್ರೆ ಬಹಳ ದೊಡ್ಡ ಹೊಗಳಿಕೆ ಅಂತ ತಿಳ್ಕೋಬೇಕು, ಅದಕ್ಕಿಂತ ಮೇಲೆ ನಮ್ಮ ಕಡೆಯವರು ಹತ್ತಲ್ಲ.

ಹುಡುಗರು ಸೇರೋ ಜಾಗಕ್ಕೆ ಅಡ್ಡಾ ಅಂತಾರಲ್ಲ, ಸಿನಿಮಾದಲ್ಲಿ "ಇದು ನನ್ ಅಡ್ಡಾ" ಅಂತಾರಲ್ಲ, ಅದು ಬೇರೆ, ಅದು ಹಿಂದಿ ಕಡೆಯಿಂದ ಬಂದದ್ದು. ಅಡ್ಡಾದಲ್ಲಿ ಕೂರ್ತಾರೆ, ಅಡ್ಡಾಡುವವನು ಕೂರಲ್ಲ. ಕೂರ್ತಾನೆ, ಆದ್ರೆ ಮಧ್ಯದಲ್ಲಿ.

ಇನ್ನು ಆಡು. ನಿಜವಾದ ಚಮತ್ಕಾರ ಇರೋದು ಇಲ್ಲೇ. ಆಡು ಅಂದ್ರೆ ಆಟ ಆಡೋದು ಅಂತ ಮಾತ್ರ ನಾವು ಅಂದ್ಕೋತೀವಿ, ತಮಿಳಿನಲ್ಲಿ ಅದೇ ಧಾತು ಕುಣಿಯೋದಕ್ಕೂ ಬರುತ್ತೆ, ಕನ್ನಡದಲ್ಲಿ ಮಾತಿಗೂ ಅದೇ, ಮಾತಾಡು. ಎಲ್ಲದರ ಕೆಳಗೆ ಇರೋ ಮೂಲ ಅರ್ಥ ಅಂದ್ರೆ ಅಲುಗೋದು, ಅತ್ತ ಹೋಗಿ ಇತ್ತ ಬರೋದು. ಜೋಕಾಲಿ ಆಡುತ್ತೆ. ಹಲ್ಲು ಅಲ್ಲಾಡುತ್ತೆ. ಕಿಟಕಿ ತೆಗೆದ್ರೆ ಗಾಳಿ ಆಡುತ್ತೆ. ನಾವು ಉಸಿರಾಡ್ತೀವಿ, ಉಸಿರು ಹೋಗಿ ಬಂದು ಮಾಡೋದಕ್ಕೆ ಇದಕ್ಕಿಂತ ಸರಿಯಾದ ಕ್ರಿಯಾಪದ ಯಾವ ಪಂಡಿತರೂ ಕೂತು ಕಟ್ಟೋಕಾಗಲ್ಲ.

ಈ ಆಡು ಇನ್ನೊಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಾಗ ಅದರ ಗುರಿಯನ್ನ ಕಿತ್ತು ಬಿಸಾಡುತ್ತೆ. ಕೂಗು ಅಂದ್ರೆ ಯಾರನ್ನೋ ಕೂಗೋದು, ಕೂಗಾಡು ಅಂದ್ರೆ ಯಾರನ್ನ ಅಂತಿಲ್ಲ, ಮನೆ ತುಂಬಾ. ಹಾರು ಅಂದ್ರೆ ಈ ಗೋಡೆಯಿಂದ ಆ ಗೋಡೆಗೆ, ಹಾರಾಡು ಅಂದ್ರೆ ಆಕಾಶವೆಲ್ಲ. ಹೊಡಿ ಅಂದ್ರೆ ಒಬ್ಬ ಹೊಡೆದ, ಹೊಡೆದಾಡು ಅಂದ್ರೆ ಇಬ್ಬರದೂ ಪಾಲು ಇದೆ, ಯಾರು ಶುರು ಮಾಡಿದ್ದು ಅಂತ ಪೊಲೀಸರಿಗೂ ಗೊತ್ತಾಗಲ್ಲ. ಬೀಗದ ಕೈ ಹುಡುಕೋದು ಬೇರೆ, ಹುಡುಕಾಡೋದು ಬೇರೆ. ಹುಡುಕುವವನಿಗೆ ಎಲ್ಲಿಟ್ಟಿದ್ದೆ ಅಂತ ಸ್ವಲ್ಪ ಅಂದಾಜು ಇರುತ್ತೆ, ಹುಡುಕಾಡುವವನು ಸೋಫಾ ದಿಂಬಿನ ಕೆಳಗೆ, ಫ್ರಿಜ್ ಮೇಲೆ, ನಿನ್ನೆಯ ಪ್ಯಾಂಟಿನ ಜೇಬಲ್ಲಿ, ಮತ್ತೆ ಅದೇ ಸೋಫಾ ದಿಂಬಿನ ಕೆಳಗೆ ನೋಡ್ತಾನೆ. ನಮ್ಮ ಮನೇಲಿ ಇದು ದಿನಾ ಆಗುತ್ತೆ ಅದಕ್ಕೇ ಇಷ್ಟು ವಿವರವಾಗಿ ಹೇಳೋಕೆ ಬರುತ್ತೆ.

ಹಾಗಾಗಿ ಅಡ್ಡಾಡು ಅಂದ್ರೆ ಅಡ್ಡವಾಗಿ ಆಡೋದು. ರಸ್ತೆ ಎಲ್ಲಿಗೋ ಉದ್ದಕ್ಕೆ ಹೋಗುತ್ತೆ, ಹೋಗಲಿ, ಅದರ ಕೆಲಸ ಅದು, ನಾನು ಮಾತ್ರ ಈ ಬದಿಯಿಂದ ಆ ಬದಿಗೆ, ಆ ಅಂಗಡಿಯಿಂದ ಈ ಕಟ್ಟೆಗೆ. ರಸ್ತೆ ಮುಗಿಸೋ ಜವಾಬ್ದಾರಿ ನನ್ನದಲ್ಲ. ಹೋಗಿ ಬರೋದು ಆಡು ಒಳಗೇ ಕೂತಿರೋದರಿಂದ ವಾಪಸ್ ಬರೋದೂ ಶಬ್ದದೊಳಗೇ ಇದೆ. ಅಡ್ಡಾಡಿ ಬರ್ತೀನಿ ಅಂತ ಹೋದವನ ಊಟ ಮನೆಯವರು ಮುಚ್ಚಿಟ್ಟೇ ಇರ್ತಾರೆ.

ಸ್ಕೂಲಲ್ಲಿದ್ದಾಗ ಇದಕ್ಕೆ ನಾನೇ ಒಂದು ವ್ಯುತ್ಪತ್ತಿ ಮಾಡ್ಕೊಂಡಿದ್ದೆ, ಅಡ್ಡ ಹೋಗೋ ಆಡು, ಅಂದ್ರೆ ಮೇಕೆ. ಮೇಕೆ ಹೆಂಗೆ ನೆಟ್ಟಗೆ ಹೋಗದೆ ಬೇಲಿಗೊಂದು ಬಾಯಿ, ಕರೆಂಟ್ ಕಂಬದ ಬುಡಕ್ಕೊಂದು ಬಾಯಿ, ಗೋಡೆ ಮೇಲಿನ ಪೋಸ್ಟರಿಗೊಂದು ಬಾಯಿ ಹಾಕ್ತಾ ಹೋಗುತ್ತೋ ಹಂಗೆ ಹೋಗೋದೇ ಅಡ್ಡಾಡೋದು ಅಂತ. ಚಂದ ಇದೆ, ನಿಜ ಅಲ್ಲ. ಪ್ರಾಣಿ ಆಡಿಗೂ ಆಟದ ಆಡಿಗೂ ಸಂಬಂಧವೇ ಇಲ್ಲ, ಹಳೇ ತಮಿಳಿನಲ್ಲಿ ಪ್ರಾಣಿಗೆ ಯಾಡು ಅಂತಿದ್ರು, ಮುಂದಿನ ಯಕಾರ ಉದುರಿದ ಮೇಲೆ ಎರಡೂ ಕೇಳೋಕೆ ಒಂದೇ ಆದ್ವು ಅಷ್ಟೆ. ಇಂಥ ಚಂದದ ಸುಳ್ಳುಗಳು ಎಲ್ಲಾ ಭಾಷೆಯಲ್ಲೂ ಇದಾವೆ. ಇಂಗ್ಲಿಷಿನಲ್ಲಿ ನಮ್ಮ ಅಡ್ಡಾಡುಗೆ ತೀರಾ ಹತ್ತಿರ ಬರೋದು ಸಾಂಟರ್ ಅನ್ನೋ ಶಬ್ದ. ಅಮೆರಿಕದ ಲೇಖಕ ಥೋರೋ ಅದಕ್ಕೊಂದು ಮೂಲ ಹೇಳಿದ್ದು 1862ರಲ್ಲಿ ಅಚ್ಚಾಗಿದೆ, ಹಿಂದಿನ ಕಾಲದಲ್ಲಿ ಪುಣ್ಯಭೂಮಿಗೆ ಹೊರಟಿದೀನಿ ಅಂತ ಹೇಳ್ಕೊಂಡು ಊರೂರು ತಿರುಗಿ ಭಿಕ್ಷೆ ಬೇಡೋರನ್ನ ನೋಡಿ ಮಕ್ಕಳು ಸೇಂತ್ ತೇರರ್ ಬಂದ ಅಂತ ಕೂಗ್ತಿದ್ರಂತೆ, ಫ್ರೆಂಚಿನಲ್ಲಿ ಸೇಂತ್ ತೇರ್ ಅಂದ್ರೆ ಪುಣ್ಯಭೂಮಿ ಅಂತ ಅರ್ಥ, ಅದೇ ಸವೆದು ಸಾಂಟರ್ ಆಯ್ತಂತೆ. ನಿಘಂಟು ಮಾಡೋರು ಯಾರೂ ಒಪ್ಪಲ್ಲ. ಆದ್ರೂ ನೋಡಿ, ಸುಮ್ನೆ ಅಡ್ಡಾಡೋದಕ್ಕೆ ಒಂದು ತೀರ್ಥಯಾತ್ರೆಯ ಕಾರಣ ಹುಡುಕಿ ಮರ್ಯಾದೆ ತರಬೇಕು ಅಂತ ಅಷ್ಟು ದೊಡ್ಡ ಮನುಷ್ಯನಿಗೂ ಅನಿಸಿತ್ತು. ನಮ್ಮ ಶಬ್ದಕ್ಕೆ ಅದು ಬೇಕಾಗಿಲ್ಲ, ಸುಮ್ನ ಅಂತ ಮೊದಲೇ ಹೇಳ್ಬಿಟ್ಟಿದೆ.

ಇದಕ್ಕೆ ಎದುರಿಗೆ ನಿಲ್ಲೋದು ನಡೆ. ನಡೆ ಭಾರೀ ಗಂಭೀರ ಶಬ್ದ ಕಣ್ರೀ. ಕನ್ನಡದವರು ಇಡೀ ನೀತಿಶಾಸ್ತ್ರವನ್ನ ಅದರ ತಲೆ ಮೇಲೆ ಹೊರಿಸಿದಾರೆ. ನಡತೆ, ನಡವಳಿಕೆ, ನಡೆನುಡಿ ಎಲ್ಲ ಅದರ ಮಕ್ಕಳು. ವಿಧಾನಸೌಧದಿಂದ ಬರೋ ಆದೇಶದ ತಲೆಯ ಮೇಲೆ "ಕರ್ನಾಟಕ ಸರ್ಕಾರದ ನಡವಳಿಗಳು" ಅಂತ ಇರುತ್ತೆ, ಅಂದ್ರೆ ಸರ್ಕಾರನೂ ನಡೆಯುತ್ತೆ ಅಂತಾಯ್ತು, ಫೈಲ್ ನಡೆಯುತ್ತೋ ಇಲ್ವೋ ಅದು ಬೇರೆ ವಿಷಯ. ಮದುವೆ ನಡೀತು, ಅಂಗಡಿ ನಡೀತಿದೆ, ಅವರ ಮನೇಲಿ ಅತ್ತೆ ಮಾತೇ ನಡೆಯೋದು, ಹತ್ತು ರೂಪಾಯಿ ಕಾಯಿನ್ ಇಲ್ಲಿ ನಡೆಯಲ್ಲ ಬೇರೆ ಕೊಡಿ. ನಮ್ಮ ಕಡೆ ದೇವರಿಗೂ ನಡಕೋತಾರೆ. "ನಮ್ಮ ಮನೀಗೆ ಯಲ್ಲಮ್ಮ, ನಾವು ಯಲ್ಲಮ್ಮಗ ನಡಕೋತೀವ್ರಿ" ಅಂದ್ರೆ ಸವದತ್ತಿಗೆ ಕಾಲ್ನಡಿಗೆಯಲ್ಲಿ ಹೋಗ್ತೀವಿ ಅಂತಲ್ಲ, ಆ ದೇವಿಯ ಒಕ್ಕಲು, ಅವಳು ಹೇಳಿದಂಗೆ ಇರ್ತೀವಿ ಅಂತ. ಆಮೇಲೆ ಹುಣ್ಣಿಮೆಗೆ ನಡ್ಕೊಂಡೂ ಹೋಗ್ತಾರೆ, ಆಗ ಎರಡೂ ಅರ್ಥ ಒಂದೇ ದಾರೀಲಿ ಧೂಳು ಎಬ್ಬಿಸ್ಕೊಂಡು ಹೋಗುತ್ತೆ.

ಪದ್ಯಕ್ಕೂ ನಡೆ ಇದೆ, ತಾಳಕ್ಕೂ ನಡೆ ಇದೆ. ಸಂಗೀತದವರು ತಿಶ್ರ ನಡೆ, ಖಂಡ ನಡೆ ಅಂತ ಮೂರು, ಐದು ಎಣಿಸ್ತಾರೆ. ಗದುಗಿನ ನಾರಣಪ್ಪ, ಅಂದ್ರೆ ಕುಮಾರವ್ಯಾಸ, ತನ್ನ ಭಾರತಕ್ಕೆ ಹಿಡಿದ ಭಾಮಿನಿ ಷಟ್ಪದಿ ಇದೆಯಲ್ಲ, ಅದು ಮೂರು ಮಾತ್ರೆ ನಾಲ್ಕು ಮಾತ್ರೆ, ಮತ್ತೆ ಮೂರು ನಾಲ್ಕು, ಅಂದ್ರೆ ಒಂದು ಹೆಜ್ಜೆ ಗಿಡ್ಡ ಒಂದು ಹೆಜ್ಜೆ ಉದ್ದ. ಮಿಲಿಟರಿ ಪರೇಡಿಗೆ ಈ ನಡೆ ಉಪಯೋಗ ಇಲ್ಲ. ಅಷ್ಟು ಸಾವಿರ ಪದ್ಯ ಓದಿದ್ರೂ ಬೇಸರ ಬರದೇ ಇರೋದಕ್ಕೆ ಈ ಸಮ ಇಲ್ಲದ ಹೆಜ್ಜೆಯೂ ಒಂದು ಕಾರಣ ಅಂತ ನನ್ನ ಅನಿಸಿಕೆ, ಕವಿ ಯುದ್ಧಭೂಮಿಯಲ್ಲೂ ಅಡ್ಡಾಡ್ತಾ ಹೋಗ್ತಾನೆ.

ಒಟ್ಟಿನಲ್ಲಿ ನಡೆಗೆ ಲೆಕ್ಕ ಇದೆ, ತಪ್ಪಿದ್ರೆ ಕೇಳೋರಿದಾರೆ, ನಡೆ ತಪ್ಪಿದ ಅಂದ್ರೆ ಮುಗೀತು ಮನುಷ್ಯನ ಕತೆ. ಅಡ್ಡಾಟ ತಪ್ಪಿದ ಅಂತ ಯಾರಾದ್ರೂ ಯಾರನ್ನಾದ್ರೂ ಬೈದದ್ದು ಕೇಳಿದೀರಾ? ತಪ್ಪೋಕೆ ಅದರಲ್ಲಿ ದಾರಿನೇ ಇಲ್ಲ.

ನಮ್ಮಪ್ಪನ ಅಡ್ಡಾಟ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಸಂಜೆ ಚಹಾ ಆದ ಮೇಲೆ ಮೊಳಕೈವರೆಗೆ ಮಡಚಿದ ಬಿಳಿ ಅಂಗಿ, ಹಿಮ್ಮಡಿ ಸವೆದ ಚಪ್ಪಲ್ಲು, ಕೈ ಎರಡೂ ಬೆನ್ನ ಹಿಂದೆ, ಬಲಗೈ ಎಡಗೈ ಮಣಿಕಟ್ಟನ್ನ ಹಿಡ್ಕೊಂಡಿರುತ್ತೆ. ಈ ಬೆನ್ನ ಹಿಂದಿನ ಕೈ ಬಹಳ ಮುಖ್ಯ, ಕೈ ಬೀಸ್ಕೊಂಡು ನಡೆಯುವವನು ಎಲ್ಲಿಗೋ ಹೊರಟವನು, ಕೈ ಹಿಂದೆ ಕಟ್ಟಿದವನು ಎಲ್ಲಿಗೂ ಹೊರಟಿಲ್ಲ ಅಂತ ದೂರದಿಂದಲೇ ಜನಕ್ಕೆ ತಿಳಿಯುತ್ತೆ, ತಿಳಿದು ನಿಲ್ಲಿಸಿ ಮಾತಾಡಿಸ್ತಾರೆ. ಯಾರದೋ ಹೊಸ ಮನೆಗೆ ಸ್ಲ್ಯಾಬ್ ಹಾಕ್ತಿದಾರೆ, ಅಪ್ಪನಿಗೂ ಆ ಮನೆಗೂ ಏನೂ ಸಂಬಂಧ ಇಲ್ಲ, ಆದ್ರೆ ಕಬ್ಬಿಣದ ಸರಳು ಯಾವ ದಪ್ಪದ್ದು, ಕ್ಯೂರಿಂಗ್ ಸರಿಯಾಗಿ ಮಾಡ್ತಿದಾರೋ ಇಲ್ಲೋ ಅಂತ ಮೇಸ್ತ್ರಿಯನ್ನ ವಿಚಾರಿಸಲೇಬೇಕು. ಅಲ್ಲಿಂದ ಸುಭಾಸ್ ರೋಡಿನ ಕಡೆ. ವಿದ್ಯಾವರ್ಧಕ ಸಂಘದ ಬೋರ್ಡಿನ ಮೇಲೆ ಇವತ್ತು ಯಾರ ಉಪನ್ಯಾಸ ಅಂತ ಓದ್ತಾರೆ, 1890ರ ಸಂಘ ಅದು, ಬೋರ್ಡು ಖಾಲಿ ಇರೋದು ಅಪರೂಪ, ಓದಿ ಒಳಗೆ ಹೋಗ್ತಾರೆ ಅಂತ ಮಾತ್ರ ಅಂದ್ಕೋಬೇಡಿ. ಗಿರಮಿಟ್ಟು ಮಾಡುವವನ ಹತ್ರ ನಿಂತು ಇವತ್ತು ಉಳ್ಳಾಗಡ್ಡಿ ರೇಟು ಎಷ್ಟು ಅಂತ ಕೇಳ್ತಾರೆ, ಗಿರಮಿಟ್ಟು ತಗೊಳ್ಳಲ್ಲ. ಎಲೆ ಅಡಿಕೆ ಒಂದು ಹಾಕ್ತಾರೆ. ಆಮೇಲೆ ಕಟ್ಟೆ. ಗಿಡದ ಸುತ್ತಲಿನ ಆ ಕಟ್ಟೆ ಮೇಲೆ ರಿಟೈರ್ ಆದ ಮಾಸ್ತರು, ಬ್ಯಾಂಕಿನವರು, ಒಬ್ಬ ವಕೀಲರು, ಅರ್ಧ ಗಂಟೆ ಯಾರೂ ಏನೂ ಹೊಸದು ಹೇಳಲ್ಲ. ಜಿಟಿಜಿಟಿ ಮಳೆ ಶುರುವಾದ್ರೆ ಒಬ್ಬರು ಏಳ್ತಾರೆ, ಎಲ್ಲರೂ ಏಳ್ತಾರೆ. ಮನೆಗೆ ಬಂದು ಅವ್ವ "ಎಲ್ಲಿಗೆ ಹೋಗಿದ್ರಿ ಇಷ್ಟೊತ್ತು" ಅಂದ್ರೆ "ಎಲ್ಲೂ ಇಲ್ಲ" ಅಂತಾರೆ, ಅದು ನೂರಕ್ಕೆ ನೂರು ನಿಜ.

ಇಂಥ ಮನುಷ್ಯನನ್ನ ಬೆಂಗಳೂರಿಗೆ ಕರ್ಕೊಂಡು ಬಂದು ಡಾಕ್ಟರ್ ಮುಂದೆ ಕೂರಿಸಿದೆ, ಶುಗರ್ ಸ್ವಲ್ಪ ಏರಿತ್ತು.

"ಅಂಕಲ್, ವಾಕಿಂಗ್ ಮಾಡ್ತೀರಾ?"

"ಇಲ್ರಿ."

"ಮಾಡ್ಬೇಕು ಅಂಕಲ್, ಡೈಲಿ ಫಾರ್ಟಿ ಮಿನಿಟ್ಸ್, ಬ್ರಿಸ್ಕ್ ಆಗಿ."

ಹೊರಗೆ ಬಂದು "ಅಪ್ಪ, ದಿನಾ ಒಂದೂವರೆ ತಾಸು ತಿರುಗ್ತೀಯಲ್ಲ, ಯಾಕ ಇಲ್ಲ ಅಂದಿ?" ಅಂದ್ರೆ "ಅವರು ಕೇಳಿದ್ದು ವಾಕಿಂಗ್ ಅಲ್ಲೇನು, ನಾ ಮಾಡೂದು ಅಡ್ಡಾಟ" ಅಂದ್ರು. ಡಾಕ್ಟರಿಗೆ ಅವರು ಸುಳ್ಳು ಹೇಳಿರಲಿಲ್ಲ. ವಾಕಿಂಗ್ ಅನ್ನೋದು ಈಗ ಕನ್ನಡ ಶಬ್ದವೇ, ಹಳ್ಳಿ ಅಜ್ಜಿಯರಿಗೂ ಗೊತ್ತು, ಪೇಪರಿನವರು ಮಾತ್ರ ವಾಯುವಿಹಾರ ಅಂತ ಬರೀತಾರೆ, ಅದೂ ಯಾರಾದ್ರೂ ವಾಯುವಿಹಾರಕ್ಕೆ ಹೋದಾಗ ಸರ ಕಿತ್ಕೊಂಡು ಹೋದ್ರೆ. ವಾಕಿಂಗಿಗೆ ಶೂ ಬೇಕು, ವಾಚು ಬೇಕು, ಹತ್ತು ಸಾವಿರ ಹೆಜ್ಜೆ ಬೇಕು. ಆ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ, ಅದರ ಹಿಂದೆ ಗಟ್ಟಿ ಸಂಶೋಧನೆ ಏನೂ ಇರಲಿಲ್ಲ ಅಂತಾರೆ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ಆಯ್ತು, ಜಪಾನಿನವರಿಗೆ ವ್ಯಾಯಾಮದ ಹುಚ್ಚು ಹತ್ತಿತ್ತು, 1965ರಲ್ಲಿ ಯಮಾಸಾ ಅನ್ನೋ ಗಡಿಯಾರದ ಕಂಪನಿ ಸೊಂಟಕ್ಕೆ ಕಟ್ಟೋ ಹೆಜ್ಜೆ ಎಣಿಸೋ ಯಂತ್ರ ಮಾರ್ಕೆಟಿಗೆ ಬಿಟ್ಟು ಮಾನ್ಪೋಕೇ ಅಂತ ಹೆಸರಿಟ್ಟಿತು, ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ ಅರ್ಥ. ಹೆಸರು ಕೇಳೋಕೆ ಚೆನ್ನಾಗಿತ್ತು, ಸಂಖ್ಯೆ ಗುಂಡಾಗಿತ್ತು, ಮುಗೀತು. ಇವತ್ತು ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತೂವರೆಗೆ ಕಾರ್ ಪಾರ್ಕಿಂಗಿನಲ್ಲಿ ಒಬ್ಬರು ಕಂಬ ಸುತ್ತುತಾ ಇರ್ತಾರೆ, ಇನ್ನೂ ಆರುನೂರು ಬಾಕಿ ಇದೆ ಅಂತ. ಆರೋಗ್ಯಕ್ಕೆ ಒಳ್ಳೇದೇ, ಬೇಡ ಅನ್ನಲ್ಲ. ಅದು ಸಾಲ ತೀರಿಸೋ ನಡಿಗೆ, ಅಷ್ಟೇ ನಾನು ಹೇಳೋದು.

ಹಳೇ ಮೈಸೂರಿನ ಕಡೆಯವರಿಗೆ ಅಡ್ಡಾಡು ಅಷ್ಟಾಗಿ ಬಾಯಿಗೆ ಬರಲ್ಲ, ಅವರು ಓಡಾಡ್ತಾರೆ. ಇದು ಇನ್ನೊಂದು ತಮಾಷೆ. ಓಡು ಅಂದ್ರೆ ಓಡೋದು, ಅದಕ್ಕೆ ಆಡು ಹಚ್ಚಿದ ತಕ್ಷಣ ಸ್ಪೀಡು ಪೂರ್ತಿ ಇಳಿದುಹೋಗುತ್ತೆ. "ಅಜ್ಜಿಗೆ ಆಪರೇಷನ್ ಆಗಿತ್ತಲ್ಲ, ಹೇಗಿದಾರೆ?" "ಪರವಾಗಿಲ್ಲ, ಓಡಾಡ್ಕೊಂಡಿದಾರೆ." ಅಜ್ಜಿ ಓಡೋದನ್ನ ಯಾರೂ ಕಲ್ಪಿಸ್ಕೊಳ್ಳಲ್ಲ, ಅಡುಗೆ ಮನೆಯಿಂದ ತುಳಸಿ ಕಟ್ಟೆವರೆಗೆ ಗೋಡೆ ಹಿಡ್ಕೊಂಡು ಹೋದ್ರೂ ಅದು ಓಡಾಟವೇ. ಆದ್ರೆ ಅದೇ ಶಬ್ದ, ತಾಲೂಕಾಫೀಸಿಗೆ ಖಾತೆ ಮಾಡಿಸೋಕೆ ಓಡಾಡಿದೆ ಅಂದ್ರೆ ಮುಖ ಬಾಡುತ್ತೆ, ಆ ಹುಡುಗಿ ಜೊತೆ ಓಡಾಡ್ತಿದಾನೆ ಅಂದ್ರೆ ಕೇಳೋರ ಕುರ್ಚಿ ಒಂದಡಿ ಮುಂದೆ ಬರುತ್ತೆ. ನಮ್ಮ ಕಡೆ ಅಡ್ಡಾಡುಗೂ ಹಿಂಗೇ ಕವಲುಗಳಿದಾವೆ. ಊರಿಗೆ ಬಸ್ಸು ಅಡ್ಡಾಡ್ತಾವೆ. ಎರಡು ಮನೆ ನಡುವೆ ಮನಸ್ತಾಪ ಬಂದ್ರೆ "ಅವರ ಮನಿಗೆ ಅಡ್ಡಾಡೂದು ಬಿಟ್ಟೀವಿ" ಅಂತಾರೆ, ಅಂದ್ರೆ ಮೊದಲು ಕಾರಣ ಇಲ್ಲದೆ ಹೋಗಿ ಬಂದು ಮಾಡ್ತಿದ್ರು, ಈಗ ಕಾರಣ ಇದ್ರೂ ಹೋಗಲ್ಲ ಅಂತ.

ಕರಾವಳಿಯವರದು ತಿರುಗಾಟ. ಘಟ್ಟದ ಮೇಲೆ ಮಗ ತಿರುಗ್ತಾನೆ ಅಂದ್ರೆ ಹಾಳಾದ ಅಂತ ಅರ್ಥ, ಘಟ್ಟ ಇಳಿದ್ರೆ ಅದೇ ಶಬ್ದಕ್ಕೆ ಗೆಜ್ಜೆ ಕಟ್ಟಿದಾರೆ. ಯಕ್ಷಗಾನ ಮೇಳಗಳು ವರ್ಷ ವರ್ಷ ಹೊರಡೋದಕ್ಕೆ ತಿರುಗಾಟ ಅಂತಲೇ ಹೆಸರು, ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಹೊರಟ್ರೆ ಮೇ ತಿಂಗಳಲ್ಲಿ ಬರೋ ಪತ್ತನಾಜೆ ಅನ್ನೋ ತುಳುನಾಡಿನ ಆಚರಣೆಯ ದಿನದವರೆಗೆ ಇವತ್ತೊಂದು ಊರು ನಾಳೆ ಇನ್ನೊಂದು ಊರು. ಇಂಥ ಮೇಳದಲ್ಲಿ ಇಷ್ಟು ವರ್ಷ ತಿರುಗಾಟ ಮಾಡಿದವರು ಅಂತ ಕಲಾವಿದರ ಪರಿಚಯದಲ್ಲಿ ಡಿಗ್ರಿ ಹೇಳಿದಂಗೆ ಹೇಳ್ತಾರೆ.

ಈಗ ಒಂದು ತಕರಾರು. ಸುಮ್ನ ಅಡ್ಡಾಡಾಕ ಅಂತ ಅಪ್ಪ ಹೇಳಬಹುದು, ಅವ್ವ ಹೇಳೋ ಹಾಗಿರಲಿಲ್ಲ. ಅವ್ವನಿಗೆ ಅಡ್ಡಾಡೋಕೆ ಬಹಳ ಇಷ್ಟ, ಆದ್ರೆ ಕೈಯಲ್ಲಿ ಒಂದು ಚೀಲ ಇಲ್ಲದೆ ಓಣಿ ದಾಟಿದ್ದು ನಾನು ನೋಡಿಲ್ಲ. ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಕೈಚೀಲ, ಹಿಡಿಕೆ ಒಂದು ಬದಿ ಕಪ್ಪು ಒಂದು ಬದಿ ಕಂದು, ಮಡಚಿದ್ರೆ ಅಂಗೈಯಲ್ಲಿ ಹಿಡಿಸುತ್ತೆ. ಮನೇಲಿ ಕೊತ್ತಂಬರಿ ಇದ್ರೂ ಕೊತ್ತಂಬರಿ ತರಾಕ ಹೊಂಟೀನಿ ಅನ್ನೋರು. ದಾರೀಲಿ ಯಾರಾದ್ರೂ ನಿಲ್ಲಿಸಿದ್ರೆ ಚೀಲ ತಾನಾಗೇ ಸ್ವಲ್ಪ ಮೇಲೆ ಬರೋದು, ಪಾಸ್ ತೋರಿಸಿದಂಗೆ. ಚೀಲ ಇಲ್ಲದ ದಿನ ದೇವಸ್ಥಾನ ಇತ್ತು, ಹನುಮಪ್ಪನ ಗುಡಿ ಸುತ್ತ ಪ್ರದಕ್ಷಿಣೆ ಹಾಕಿದ್ರೆ ಎಷ್ಟು ಸುತ್ತಾದ್ರೂ ಯಾರೂ ಏನೂ ಕೇಳಲ್ಲ. ಗಂಡಸಿನ ಅಡ್ಡಾಟ ಹವ್ಯಾಸ, ಹೆಂಗಸಿನದು ಮಾತ್ರ "ಏನ್ ಅಡ್ಡಾಡ್ತಾಳ ಅಕಿ" ಅಂತ ಮೂಗು ಮುರಿಯೋ ಮಾತು, ಅಲ್ಲಿ ಸುಮ್ನ ಅನ್ನೋ ಪದಕ್ಕೆ ಜಾಗನೇ ಇಲ್ಲ. ನನ್ನ ತಂಗಿ ಈಗ ಅದೇ ಓಣಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಹೋಗ್ತಾಳೆ, ಹಾಡು ಹಾಕಿರಲ್ಲ, ಯಾರೂ ನಿಲ್ಲಿಸಬಾರದು ಅಂತ ಅಷ್ಟೆ. ಅದು ಇವಳ ಚೀಲ.

ಅಡ್ಡಾಡು, ಓಡಾಡು, ತಿರುಗಾಡು ಇವೆಲ್ಲ ಸಾಮಾನ್ಯರದಾಯ್ತು, ಆದ್ರೆ ಕನ್ನಡಿಗರು ಒಬ್ಬ ಮನುಷ್ಯನನ್ನ ತೀರಾ ಎತ್ತರಕ್ಕೆ ಏರಿಸಬೇಕಾದಾಗಲೂ ಈ ಆಡು ಬಿಡಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ ಲಿಂಗೈಕ್ಯರಾದ್ರಲ್ಲ, ಅವರನ್ನ ಜನ ಕರೀತಿದ್ದದ್ದು ನಡೆದಾಡುವ ದೇವರು ಅಂತ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳಿಗೂ ಅದೇ ಮಾತು. ಶಿವರಾಮ ಕಾರಂತರು ನಡೆದಾಡುವ ವಿಶ್ವಕೋಶ, ಜಿ. ವೆಂಕಟಸುಬ್ಬಯ್ಯನವರು ನಡೆದಾಡುವ ನಿಘಂಟು. ನಡೆಯುವ ದೇವರು ಅಂತ ಯಾಕೆ ಅನ್ನಲಿಲ್ಲ? ನಡೆಯುವ ದೇವರು ಎಲ್ಲಿಗೋ ಹೊರಟುಬಿಡ್ತಾನೆ. ನಡೆದಾಡುವವನು ಇಲ್ಲೇ ನಮ್ಮ ನಡುವೆ ಹೋಗಿ ಬಂದು ಮಾಡ್ಕೊಂಡಿರ್ತಾನೆ. ನಡೆಯ ಗಾಂಭೀರ್ಯ, ಆಡುವಿನ ಸಲಿಗೆ, ಎರಡೂ ಒಂದೇ ಶಬ್ದದಲ್ಲಿ ಸಿಕ್ಕಿದ್ದು ಇಲ್ಲೇ ಇರಬೇಕು.

ಸಂಸ್ಕೃತದವರೂ ಇದನ್ನ ಬೇರೆ ದಾರಿಯಲ್ಲಿ ಮಾಡಿದಾರೆ. ಗಮ್ ಅಂದ್ರೆ ಹೋಗೋದು, ಅದನ್ನ ಎರಡು ಸಲ ಹೇಳಿದಂಗೆ ಮಾಡಿ ಜಂಗಮ, ಮತ್ತೆ ಮತ್ತೆ ಹೋಗುತ್ತಲೇ ಇರೋದು. ನಾವು ಬಾಲಕ್ಕೆ ಆಡು ಕಟ್ಟಿದ್ವಿ, ಅವರು ತಲೆಗೆ ಜಂ ಕಟ್ಟಿದ್ರು. ಹನ್ನೆರಡನೇ ಶತಮಾನದ ಶರಣರು ಅದನ್ನ ಎತ್ಕೊಂಡು ಕಲ್ಲಿನ ಗುಡಿಗಿಂತ ಓಡಾಡೋ ಮನುಷ್ಯ ದೊಡ್ಡೋನು ಅಂದ್ರು, ಅದು ದೊಡ್ಡ ವಿಷಯ, ಇಲ್ಲಿ ಬೇಡ. ಮೊಬೈಲ್ ಬಂದಾಗ ಯಾರೋ ಪುಣ್ಯಾತ್ಮರು ಅದಕ್ಕೆ ಜಂಗಮವಾಣಿ ಅಂತ ಹೆಸರು ಹಾಕಿದ್ರು, ಈಗಲೂ ಕೆಲವು ಮದುವೆ ಕಾರ್ಡಿನ ಮೂಲೆಯಲ್ಲಿ ಕಾಣುತ್ತೆ. ಯಾರ ಬಾಯಲ್ಲೂ ಬರದೇ ಇದ್ರೂ ಅರ್ಥ ಮಾತ್ರ ಪಕ್ಕಾ, ನಮಗಿಂತ ಜಾಸ್ತಿ ಅಡ್ಡಾಡೋದು ಈಗ ಅದೇ.

ನಮ್ಮ ಸಾಹಿತಿಗಳಲ್ಲೂ ಅಡ್ಡಾಡುವವರ ದಂಡೇ ಇತ್ತು. ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಅಂದ್ರೆ ಕುವೆಂಪು ನೆನಪಾಗ್ತಾರೆ, ಬಸವನಗುಡಿಯಲ್ಲಿ ಕೋಟು, ಪೇಟ, ಕೊಡೆ ಸಮೇತ ಸಂಜೆ ಕ್ಲಬ್ಬಿಗೆ ಇಸ್ಪೀಟು ಆಡೋಕೆ ಹೋಗ್ತಿದ್ದ ಮಾಸ್ತಿಯವರನ್ನ ನೋಡಿದವರು ಈಗಲೂ ಇದಾರೆ. ಮಾಸ್ತಿಯವರದು ಮಾತ್ರ ಕಟ್ಟುನಿಟ್ಟಾಗಿ ನೋಡಿದ್ರೆ ಅಡ್ಡಾಟ ಅಲ್ಲ, ಕ್ಲಬ್ಬು ಅನ್ನೋ ಗುರಿ ಇತ್ತು.

ಇವತ್ತಿನ ಬೆಂಗಳೂರಲ್ಲಿ ಅಡ್ಡಾಡೋದು ಹೆಂಗೆ ಅಂತ ಕೇಳ್ತೀರಾ. ಶಬ್ದದ ಮೂಲಾರ್ಥಕ್ಕೆ ನಾವಿಲ್ಲಿ ತೀರಾ ನಿಷ್ಠರಾಗಿದೀವಿ, ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್ ಬಂತು ಅಡ್ಡ ಹೋಗು, ನಿಲ್ಲಿಸಿದ ಬೈಕು ಬಂತು ಅಡ್ಡ ಹೋಗು, ಕಿತ್ತ ಕಲ್ಲು ಹಲಗೆ ಬಂತು ಹಾರು, ಅಡ್ಡ ಎಲ್ಲ ಇದೆ, ಆಡೋದು ಒಂದಿಲ್ಲ. ಕಣ್ಣು ನೆಲದ ಮೇಲಿಂದ ಏಳಲ್ಲ, ಸ್ಲ್ಯಾಬ್ ಹಾಕ್ತಿರೋ ಮನೆ ನೋಡೋಕೆ ಪುರುಸೊತ್ತೆಲ್ಲಿ. ಅಪ್ಪ ಇಲ್ಲಿಗೆ ಬಂದಾಗೆಲ್ಲ ಎರಡನೇ ದಿನಕ್ಕೆ ಚಡಪಡಿಸ್ತಾರೆ. ಹೋದ ಸಲ ಅದಕ್ಕೇ ಚರ್ಚ್ ಸ್ಟ್ರೀಟಿಗೆ ಕರ್ಕೊಂಡು ಹೋದೆ, 2018ರಲ್ಲಿ ಪೂರ್ತಿ ಕಲ್ಲು ಹಾಸಿ ಹೊಸದು ಮಾಡಿದ ರಸ್ತೆ, ಸಂಜೆ ಆದ್ರೆ ಹುಡುಗರು ಹುಡುಗಿಯರು ಗಿಟಾರು ಹಿಡ್ಕೊಂಡು ನಿಂತಿರ್ತಾರೆ, ಪುಸ್ತಕದ ಅಂಗಡಿಗಳಿದಾವೆ, ಹುಡುಗಿಯರ ಕೈಯಲ್ಲಿ ಚೀಲ ಇಲ್ಲ, ಯಾರೂ ಎಲ್ಲಿಗೂ ಹೋಗ್ತಿಲ್ಲ. ಅಪ್ಪನ ಕೈ ನಿಧಾನಕ್ಕೆ ಬೆನ್ನ ಹಿಂದೆ ಹೋಯ್ತು. ಗಿಟಾರ್ ಬಾರಿಸೋ ಹುಡುಗನಿಗೆ ಯಾವ ಊರು ಅಂತ ಕೇಳಿದ್ರು, ಅವನು ದಾವಣಗೆರೆ ಅಂದ, ದಾವಣಗೆರೆಯಲ್ಲಿ ಎಲ್ಲಿ ಅಂತ ಕೇಳಿದ್ರು. ಹಳೇ ಪುಸ್ತಕದ ಅಂಗಡಿ ಒಳಗೆ ಹೋಗಿ ರೇಟು ಕೇಳಿ ಏನೂ ತಗೊಳ್ಳದೆ ಹೊರಗೆ ಬಂದ್ರು. ಒಂದು ಸುತ್ತಾಯ್ತು, ಎರಡು ಸುತ್ತಾಯ್ತು. ಆಮೇಲೆ ನಿಂತು ಆ ಕಡೆ ಈ ಕಡೆ ನೋಡಿದ್ರು.

"ರೋಡ್ ಅಡ್ಡಿಯಿಲ್ಲ, ಅಡ್ಡಾಡಾಕ ಚಲೋ ಐತಿ" ಅಂದ್ರು, "ಆದ್ರ ಕಟ್ಟಿ ಎಲ್ಲಿ ಐತಿ? ಕುಂದ್ರೂದೆಲ್ಲಿ?"

ಕಾಫಿ ಶಾಪ್ ತೋರಿಸಿದೆ. ಬಾಗಿಲಲ್ಲಿ ಹಚ್ಚಿದ್ದ ರೇಟು ಓದಿ, ಮೂರನೇ ಸುತ್ತಿಗೆ ಹೊರಟ್ರು.